ಎದುರು ಮನೆಗೆ ಬರುವ ಸೊಸೆ

೧೨ ಅಕ್ಟೋಬರ್ ೧೯೯೯, ಬೈಲಹೊಂಗಲ

ಆಫ್ರಿಕಾಕ್ಕೆ ಹೋಗಬೇಕಂತೆ! ಈ ಮನುಷ್ಯನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಹಣೆ ಮುಟ್ಟಿ ನೋಡಿದೆ. ತಣ್ಣಗೇ ಇತ್ತು.

ಇವರು ದುಡಿಯುವ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿ ಈ ಹಂಗಾಮು ಮುಗಿದ ಮೇಲೆ ಬಾಗಿಲು ಹಾಕುತ್ತದೆ ಎಂದು ಸುದ್ದಿ. ಮಾಲೀಕ ಸೇಠರ ಬೀಗರು ಯಾರೋ ಟಾಂಜಾನಿಯಾ ಎಂಬ ದೇಶದಲ್ಲಿ ಹತ್ತಿ ಜಿನ್ ಹಾಕಿದ್ದಾರೆ. ಅಲ್ಲಿಗೊಬ್ಬ ಕೈಗುಣವಿರುವ ಫಿಟ್ಟರ್ ಬೇಕು. ನಮ್ಮ ಫಿಟ್ಟರ್ ಸಾಹೇಬರು, ಶ್ರೀಮಾನ್ ಸಿದ್ಧಾರೂಢ ಅವರು, ನನ್ನ ಕೇಳದೆ ಹೂಂ ಅಂದು ಬಂದಿದ್ದಾರೆ. ಮನೆ ಕೊಡುತ್ತಾರೆ, ಹೆಂಡತಿಯೂ ಬರಲಿ, ಆದರೆ ವರ್ಷಕ್ಕೊಮ್ಮೆ ಊರು ಊರು ಎಂದು ಓಡುವವರು ಬೇಡ, ಅಲ್ಲೇ ನೆಲೆ ನಿಲ್ಲುವವರು ಬೇಕು ಎಂದಿದ್ದಾರಂತೆ.

"ಅಲ್ಲೇ ಸಾಯೂತನಕಾ?" ಎಂದೆ.

"ಇಲ್ಲೇನೈತಿ ನಮಗ, ಹೇಳು ನೋಡೂಣು" ಎಂದರು.

ಇಲ್ಲೇನಿದೆ! ಹೂಲಿ ಇದೆ. ಸವದತ್ತಿಯ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ಆ ಊರಿನಲ್ಲಿ ನಾನು ಹೆತ್ತ ಮಗಳು ಶೀತಲ ಇದ್ದಾಳೆ. ಅವಳಿಗೆ ನಾಲ್ಕು ವರ್ಷವಾಗಿದ್ದಾಗ ಅವಳಪ್ಪ ಹಾವು ಕಚ್ಚಿ ಹೋದ. ಮರು ವರ್ಷ ನನ್ನಣ್ಣ ನನ್ನನ್ನು ಇವರಿಗೆ ಉಡಕಿ ಮಾಡಿ ಕೊಟ್ಟ. ಉಡಕಿ ಎಂದರೆ ನಮ್ಮಲ್ಲಿ ಮದುವೆಯಲ್ಲ. ಹಂದರವಿಲ್ಲ, ಅಕ್ಕಿಕಾಳಿಲ್ಲ, ವಾಲಗ ಊದುವವರಿಲ್ಲ. ಹೊತ್ತು ಮುಳುಗಿದ ಮೇಲೆ ಗುಡಿಯ ಹಿಂದೆ ಒಂದು ಹೊಸ ಸೀರೆ ಉಡಿಸಿ ಕಳ್ಳರ ಹಾಗೆ ಕಳಿಸಿಬಿಡುತ್ತಾರೆ. ಮೊದಲ ಗಂಡನ ಕೂಸನ್ನು ಸಂಗಡ ಒಯ್ಯುವಂತಿಲ್ಲ, ಅದು ಆ ಮನೆತನದ್ದು. ಶೀತಲಳನ್ನು ಅವಳ ದೊಡ್ಡಪ್ಪ ಬಸಲಿಂಗಪ್ಪ ಇಟ್ಟುಕೊಂಡರು. ಮತ್ತೆ ಹೊಸಿಲು ತುಳಿಯಬೇಡ ಎಂದರು. ತುಳಿದಿಲ್ಲ. ಆದರೆ ಅವಳಿಗೆ ಒಂದು ದಿನ ಮದುವೆಯಾಗುತ್ತದೆ, ಆ ಮನೆಯಿಂದ ಹೊರಬೀಳುತ್ತಾಳೆ. ಆಗ ಅವಳ ಗಂಡನ ಮನೆಗೆ ಯಾವುದೋ ನೆಪ ಮಾಡಿಕೊಂಡು ಹೋಗಿ ಒಮ್ಮೆ ಮುಖ ನೋಡಿಯೇನು. ಅಷ್ಟಕ್ಕಾಗಿ ಇಲ್ಲಿದ್ದೇನೆ.

ದೇಶ ಬಿಡುವವರು ಎರಡೇ ತರಹ. ಹೊಟ್ಟೆಗಿಲ್ಲದವರು, ಇಲ್ಲವೇ ಹೊಟ್ಟೆ ತುಂಬಿದರೂ ಇನ್ನೂ ಬೇಕೆನ್ನುವವರು. ನಾನು ಎರಡೂ ಅಲ್ಲ. ಸತ್ತರೂ ಹೋಗುವುದಿಲ್ಲ.

೧೫ ಅಕ್ಟೋಬರ್

ಮೂರು ದಿನದಿಂದ ಮಾತಿಲ್ಲ. ರೊಟ್ಟಿ ಬಡಿಯುವ ಸದ್ದಿನಲ್ಲೇ ನನ್ನ ಉತ್ತರ ಅವರಿಗೆ ತಿಳಿಯುತ್ತದೆ.

ಪಾಪ, ಕೆಟ್ಟವರಲ್ಲ. ಸುಳ್ಳು ಯಾಕೆ ಬರೆಯಲಿ. ದೊಡವಾಡದಲ್ಲಿ ಇವರ ಅಣ್ಣತಮ್ಮಂದಿರ ಸಂಗಡ ಇದ್ದಾಗ ನನ್ನ ನೆಗೆಣ್ಣಿಯ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ನಾನು ಮೈಮರೆತು ಕೂಸಿಗೆ ಕೈ ಚಾಚಿದೆ. "ಉಡಕಿಯಾಕಿ ಕೈ ಬ್ಯಾಡವಾ" ಎಂದು ಒಬ್ಬ ಮುದುಕಿ ಎಲ್ಲರೆದುರು ಕೂಸನ್ನು ಸೆಳೆದುಕೊಂಡಳು. ಇವರು ಉಣ್ಣುತ್ತಿದ್ದ ಎಲೆ ಬಿಟ್ಟು ಎದ್ದರು. ಅದೇ ತಿಂಗಳು ಬೈಲಹೊಂಗಲದಲ್ಲಿ ಈ ಬಾಡಿಗೆ ಮನೆ ಹಿಡಿದರು. ಇಲ್ಲಿ ನಮ್ಮನ್ನು ಯಾರೂ ಅರಿಯರು. ಕೇಳಿದವರಿಗೆ ತವರು ಕಿತ್ತೂರು, ಗಂಡನ ಮನೆ ದೊಡವಾಡ ಎನ್ನುತ್ತೇನೆ. ನಡುವಿನ ಹೂಲಿಯನ್ನು ನುಂಗುತ್ತೇನೆ. ಹೊಲಿಗೆ ಮಷೀನು ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿದು ಕೊಡುತ್ತೇನೆ. ಹಬ್ಬಕ್ಕೆ ಕರೆಯುತ್ತಾರೆ, ಕುಂಕುಮ ಹಚ್ಚುತ್ತಾರೆ. ಇಷ್ಟು ಸಾಕಲ್ಲ?

ನಮಗೆ ಮಕ್ಕಳಾಗಲಿಲ್ಲ. ಅದನ್ನು ಇವರು ಒಂದು ದಿನವೂ ಎತ್ತಿ ಆಡಿಲ್ಲ.

೩೧ ಡಿಸೆಂಬರ್

ನಾಳೆ ಎರಡು ಸಾವಿರ. ಜಗತ್ತೇ ಮುಳುಗುತ್ತದೆ ಎಂದು ಯಾವನೋ ಹೇಳಿದನಂತೆ. ಮುಳುಗುವುದಿದ್ದರೆ ಬಾಕಿ ಉಳಿದ ಎಂಟು ಕುಪ್ಪಸಗಳಿಗೆ ಗುಂಡಿ ಹಚ್ಚುವುದು ತಪ್ಪುತ್ತಿತ್ತು. ಅಂಥ ಅದೃಷ್ಟ ನನಗೆಲ್ಲಿಯದು. ಸೇಠರಿಗೆ ಇನ್ನೂ ಇಲ್ಲ ಅಂದಿಲ್ಲ ಇವರು. "ಸಂಕ್ರಾಂತಿ ಆಗಲಿ" ಎನ್ನುತ್ತಾರೆ.

೧೮ ಜನವರಿ ೨೦೦೦

ಈಗಲೇ ಬರೆಯಬೇಕು, ಇಲ್ಲದಿದ್ದರೆ ಎದೆ ಒಡೆಯುತ್ತದೆ.

ಎದುರು ಮನೆಯ ದೇವಕ್ಕ ಸಂಜೆ ಬಂದಳು. ಜವಳಿ ಅಂಗಡಿಯವರು. ಎರಡು ವರ್ಷದ ಹಿಂದೆ ರಾಮದುರ್ಗದಿಂದ ಬಂದು ಇಲ್ಲಿ ಅಂಗಡಿ ಹಾಕಿದವರು. ನನ್ನ ಮೇಲೆ ಜೀವ ಅವಳಿಗೆ, ಮನೆಯಲ್ಲಿ ಹುರಕ್ಕಿ ಹೋಳಿಗೆ ಮಾಡಿದರೂ ನನ್ನ ಪಾಲು ತೆಗೆದಿಡುತ್ತಾಳೆ. ಬಗಲಲ್ಲಿ ಒಂದು ಗಂಟು ಇತ್ತು.

"ಗುರುಬಸವ್ವಾ, ಬಾಯಿ ತಗಿ" ಎಂದು ಒಂದು ಪೇಡೆ ತುರುಕಿದಳು. "ನಮ್ಮ ಸಂಜೂಂದು ಲಗ್ನ ಕೂಡಿ ಬಂತು. ಹುಡುಗಿ ಹೂಲಿಯಾಕಿ. ಹತ್ತನೇತ್ತ ಸಾಲಿ ಆಗೈತಿ, ನೋಡಾಕ ಬೆಳದಿಂಗಳ ಆಗ್ಯಾಳ. ಅವ್ವ ಅಪ್ಪ ಇಬ್ಬರೂ ಇಲ್ಲ ಪಾಪ. ಬಸಲಿಂಗಪ್ಪ ಅಂತ ದೊಡ್ಡಪ್ಪ ಜ್ವಾಪಾನ ಮಾಡ್ಯಾನ."

ಅಗಿಯುತ್ತಿದ್ದ ಪೇಡೆಯನ್ನು ಸೆರಗಿನ ಮರೆಯಲ್ಲಿ ಅಂಗೈಗೆ ತೆಗೆದೆ.

"ಹೆಸರೇನ್ರಿ ಹುಡುಗೀದು?"

"ಶೀತಲ."

ಮಷೀನಿನ ಗಾಲಿ ಹಿಡಿದುಕೊಂಡು ಕೇಳಿದೆ. "ಅವ್ವಗ ಏನಾಗಿತ್ತಂತ್ರಿ?"

"ಗಂಡ ಹ್ವಾದ ಮ್ಯಾಲ ಎದಿ ಒಡಕೊಂಡು ಹಾಸಗಿ ಹಿಡದ್ಲಂತ. ಜ್ವರಾ ಬಂದು ವರ್ಷದಾಗ ಹೋಗಿಬಿಟ್ಲಂತ. ಪತಿವ್ರತಾ ನೋಡವಾ."

ಗಂಟು ಬಿಚ್ಚಿ ಅಳತೆಯ ಕುಪ್ಪಸವೊಂದನ್ನು ನನ್ನ ತೊಡೆಯ ಮೇಲೆ ಇಟ್ಟಳು. ಮದುವೆಯ ಐದೂ ಕುಪ್ಪಸ ನಾನೇ ಹೊಲಿಯಬೇಕಂತೆ. ಅವಳು ಹೋದ ಮೇಲೆ ಬಾಗಿಲು ಹಾಕಿ ಟೇಪು ಹಿಡಿದೆ. ಎಡ ಭುಜ ಬಲಕ್ಕಿಂತ ಅರ್ಧ ಬೆರಳು ಇಳಿದಿದೆ. ನನ್ನದೂ ಹಾಗೆಯೇ. ಬಟ್ಟೆಯಲ್ಲಿ ಮುಖವಿಟ್ಟು ಅತ್ತೆ. ಹದಿನಾಲ್ಕು ವರ್ಷದ ಮೇಲೆ ನನ್ನ ಮಗಳ ಬೆವರಿನ ವಾಸನೆ ನನಗೆ ಸಿಕ್ಕಿತು.

೧೯ ಜನವರಿ

ನಾನು ಸತ್ತಿದ್ದೇನೆ! ಅದೂ ಪತಿವ್ರತೆಯಾಗಿ! ಬದುಕಿದ್ದಾಗ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ಇರಲಿ, ಸಾವಿರ ಸುಳ್ಳು ಹೇಳಿ ಒಂದು ಲಗ್ನ ಮಾಡು ಎಂದು ದೊಡ್ಡವರೇ ಹೇಳಿದ್ದಾರೆ. ಅವರು ಕೊಂದರೆ ಕೊಲ್ಲಲಿ. ನನ್ನ ಮಗಳು ಎದುರು ಮನೆಗೆ ಬರುತ್ತಾಳೆ. ನನ್ನ ಕಿಟಕಿಯಿಂದ ಅವರ ತುಳಸಿಕಟ್ಟೆ ಕಾಣುತ್ತದೆ. ದಿನಾ ಮುಂಜಾನೆ ಅಂಗಳ ಗುಡಿಸುವುದನ್ನು ನೋಡುತ್ತೇನೆ. ಕುಪ್ಪಸ ಹೊಲಿಸಲು ನನ್ನಲ್ಲಿಗೇ ಬರುತ್ತಾಳೆ. ಬಸುರಾದರೆ ಬಿಗಿ ಬಿಡಿಸಲು ನನ್ನಲ್ಲಿಗೇ ಬರುತ್ತಾಳೆ. ನಾನು ಯಾರೆಂದು ಹೇಳಬೇಕಾಗಿಲ್ಲ. ಸುಮ್ಮನೆ ಹೊಲಿಯುತ್ತ ಕೂತರಾಯಿತು. ಯಾವ ದೇವರು ಇಷ್ಟು ದಯ ತೋರಿಸಿದ!

ಇವರಿಗೆ ಹೇಳಿದೆ. ಕಣ್ಣೊರೆಸಿಕೊಂಡರು. "ಸೇಠರಿಗೆ ನಾಳೆ ಇಲ್ಲ ಅಂತ ಹೇಳಿಬಿಡ್ತೇನಿ. ಇಲ್ಲೇ ಎಲ್ಲ್ಯರ ಪಂಪ್‌ಸೆಟ್ ರಿಪೇರಿ ಮಾಡಿಕೋತ ಇದ್ರಾತು" ಎಂದರು.

ಈ ಮನುಷ್ಯನನ್ನು ಅಕ್ಟೋಬರ್‌ನಲ್ಲಿ ಎಷ್ಟು ಬೈದೆ.

೨ ಫೆಬ್ರವರಿ

ಮನೆಗೆ ಸುಣ್ಣ ಬಳಿದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ಇವರು ನಕ್ಕರು. ನಗಲಿ. ಮಷೀನಿನ ಹತ್ತಿರ ಕೂರಲು ಒಂದು ಹೊಸ ಮಣೆ ಮಾಡಿಸಿದ್ದೇನೆ. ಬಂದ ಗಿರಾಕಿಗಳು ನೆಲದ ಮೇಲೆ ಕೂರಬಾರದಲ್ಲ. ಯಾವ ಗಿರಾಕಿ ಎಂದು ಇವರು ಕೇಳಲಿಲ್ಲ.

೧೦ ಫೆಬ್ರವರಿ

ಇವತ್ತು ದೇವಕ್ಕನ ಮನೆಯಲ್ಲಿ ನಿಶ್ಚಯ. ಹೂಲಿಯಿಂದ ಒಂದು ಟೆಂಪೊ ಗಂಡಸರು ಬಂದಿದ್ದರು. ನಾನು ಕಿಟಕಿ ಮುಚ್ಚಿಕೊಂಡು ಇರಬೇಕಿತ್ತು. ಆದರೆ ದೇವಕ್ಕ ಬಂದು ಒಂದು ಕೊಡ ನೀರು ಬೇಕು ಎಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಕೊಡ ಹೊತ್ತು ಹೊರಬಿದ್ದೆ. ಟೆಂಪೊದ ಹತ್ತಿರ ಎಲೆಯಡಿಕೆ ಹಾಕುತ್ತ ನಿಂತವರು ಬಸಲಿಂಗಪ್ಪ.

ಕೂದಲು ಪೂರಾ ಬೆಳ್ಳಗಾಗಿದೆ. ನನ್ನನ್ನು ನೋಡಿ ಅವರ ಬಾಯಿ ಆಡುವುದು ನಿಂತಿತು.

೧೩ ಫೆಬ್ರವರಿ

ಬಂದರು. ಇವರು ಫ್ಯಾಕ್ಟರಿಗೆ ಹೋದ ಮೇಲೆ, ದೇವಕ್ಕ ಅಂಗಡಿಯಲ್ಲಿರುವ ಹೊತ್ತು ನೋಡಿಕೊಂಡು ಬಂದರು. ಬೈಯಲು ಬಂದಿದ್ದಾರೆ ಎಂದುಕೊಂಡು ನಾನೂ ನಾಲಿಗೆ ಮಸೆದು ನಿಂತಿದ್ದೆ. ಒಳಗೆ ಬಂದವರು ಆ ಹೊಸ ಮಣೆಯ ಮೇಲೆ ಕುಸಿದು ಕುಳಿತರು.

"ದೊಡವಾಡದಾಗ ಅದಿ ಅಂತ ತಿಳದಿದ್ನೆವಾ. ಇಲ್ಲಿ ಯಾವಾಗ ಬಂದಿ?"

"ಸತ್ತಾವ್ರು ಎಲ್ಲ್ಯರ ಇರತಾರ್ರಿ ಭಾವಾರ" ಎಂದೆ.

ತಲೆ ತಗ್ಗಿಸಿದರು. "ನಾ ನಿನ್ನ ಕೊಂದೇನಿ, ಖರೇ. ಎರಡು ಕಡೆ ಲಗ್ನ ಗೊತ್ತಾಗಿತ್ತು ಹುಡುಗೀದು. ಇನ್ನೇನ ಆತು ಅನ್ನೂದ್ರಾಗ ಅವ್ವ ಉಡಕಿ ಆಗ್ಯಾಳ ಅಂತ ಯಾರೋ ಹೇಳಿದ್ರು. ಎರಡೂ ಮುರದ್ವು. ಈ ಸಲ ಊರಾಗ ಎಲ್ಲಾರ ಕೈಕಾಲು ಹಿಡದು ಬಾಯಿ ಮುಚ್ಚಸೇನಿ. ಇನ್ನ ಮದುವಿಗೆ ಹೂಲಿ ಹೆಂಗಸರು ಬರತಾರ. ಅದಾದ ಮ್ಯಾಲೂ ನಮ್ಮ ಮಂದಿ ಬರೂದು ಹೋಗೂದು ಇದ್ದದ್ದ. ನೀ ಎದುರಿಗೆ ಕುಂತಿರತಿ. ಒಬ್ಬಾಕಿ ಗುರುತು ಹಿಡದ್ರ ಸಾಕು, ಹುಡುಗಿ ಬಾಳೇವು ಅಲ್ಲಿಗೇ ಮುಗೀತು."

"ಹುಡುಗಿಗೆ ಗೊತ್ತೈತೇನ್ರಿ, ನಾ ಇರೂದು?"

ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಹೇಳಿದರು. "ಎಲ್ಲ್ಯೋ ಅದಿ ಅಂತ ಗೊತ್ತೈತಿ. ಎರಡನೇದು ಮುರದಾಗ ಆಕೀನ ಅಂದ್ಲು. ದೊಡ್ಡಪ್ಪಾ, ಮುಂದಿನ ಸಲ ಅವ್ವ ಸತ್ತಾಳ ಅಂತ ಹೇಳು ಅಂತ."

ಹೋಗುವಾಗ ಕೈ ಮುಗಿದರು. ಹದಿನಾಲ್ಕು ವರ್ಷದ ಹಿಂದೆ ಹೊಸಿಲು ತುಳಿಯಬೇಡ ಎಂದು ಬಾಗಿಲು ತೋರಿಸಿದ ಕೈ ಅದು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು.

೧೪ ಫೆಬ್ರವರಿ

ಸತ್ತಾಳ ಅಂತ ಹೇಳು.

೧೭ ಫೆಬ್ರವರಿ

ಒಲೆ ಹಚ್ಚಿಲ್ಲ. ಇವರೇ ಖಾನಾವಳಿಯಿಂದ ರೊಟ್ಟಿ ತಂದು ಮುಂದಿಟ್ಟರು. ಉಣ್ಣಲಿಲ್ಲ ಎಂದು ತಾವೂ ಉಣ್ಣಲಿಲ್ಲ.

ಯಾಕೆ ಸುಮ್ಮನಿರಬೇಕು ನಾನು? ಏನು ಕಳ್ಳತನ ಮಾಡಿದ್ದೇನೆ? ಇಪ್ಪತ್ತಮೂರು ವರ್ಷದ ಮುಂಡೆಗೆ ಇನ್ನೊಬ್ಬ ಗಂಡನನ್ನು ತೋರಿಸಿದವರು ಇದೇ ಜನ, ಅವನ ಸಂಗಡ ಹೋದೆ ಎಂದು ಮುಖ ತಿರುವಿದವರೂ ಇದೇ ಜನ. ದೇವಕ್ಕ ಹಾಗಲ್ಲ. ತಿಳಿದವಳು. ಅವಳಿಗೆ ಎಲ್ಲ ಹೇಳಿಬಿಡುತ್ತೇನೆ. ಅವಳೊಬ್ಬಳು ಒಪ್ಪಿದರೆ ಹೂಲಿಯ ಬಾಯಿಗಳನ್ನು ಕಟ್ಟಿಕೊಂಡು ಏನಾಗಬೇಕು?

೨೧ ಫೆಬ್ರವರಿ

ಪೂರಾ ಹೇಳುವ ಧೈರ್ಯ ಬರಲಿಲ್ಲ. ಬೇರೆಯವರ ಕಥೆ ಎಂದು ಹೇಳಿದೆ. ದೇವಕ್ಕ ಕುಪ್ಪಸ ಒಯ್ಯಲು ಬಂದು ಆರಾಮಾಗಿ ಕೂತು ಚಹಾ ಕುಡಿಯುತ್ತಿದ್ದಳು. ದೊಡವಾಡದಲ್ಲೊಬ್ಬಳಿದ್ದಾಳೆ, ಎಳೆಯ ವಯಸ್ಸಿನಲ್ಲಿ ಗಂಡ ಸತ್ತ, ಉಡಕಿ ಮಾಡಿದರು, ಈಗ ಅವಳ ಮೊದಲ ಗಂಡನ ಮಗಳಿಗೆ ವರ ಸಿಗುತ್ತಿಲ್ಲ ಎಂದೆ.

"ಅಯ್ಯ ಪಾಪ" ಎಂದಳು ದೇವಕ್ಕ. ಖರೆಯಾಗಿಯೇ ಕಣ್ಣಲ್ಲಿ ನೀರು ತಂದಳು. "ಹೆಣ್ಣ ಜನ್ಮ ಭಾಳ ಕೆಟ್ಟ ನೋಡು. ಆಕೀದೇನ ತಪ್ಪು, ಸಣ್ಣಾಕಿ, ಹೆಂಗ ಬಾಳೇ ಮಾಡಬೇಕು ಒಬ್ಬಾಕಿ."

ನಾನು ಅವಳ ಹತ್ತಿರ ಸರಿದೆ. "ಅಂಥಾ ಹುಡುಗೀನ್ನ ನೀವಾಗಿದ್ರ ತಗೋತಿದ್ರೇನ್ರಿ?" ಎಂದೆ.

"ನಾನಾ?" ದೇವಕ್ಕ ಬಸಿಯನ್ನು ಕೆಳಗಿಟ್ಟಳು. "ಇಲ್ಲವಾ. ಪಾಪ ಅನಸ್ತೈತಿ, ಆದ್ರ ಅಂಥಾ ಮನೀ ಹೆಣ್ಣ ತರಾಕ ಆಗೂದಿಲ್ಲ. ನಮಗ ಇನ್ನ ಇಬ್ಬರು ಹೆಣ್ಣಮಕ್ಕಳದಾವು. ನಾಳೆ ಅವರಿಗೆ ಯಾರು ಕೇಳತಾರ? ಮಂದಿ ಬಾಯಿಗೆ ಕೀಲಿ ಹಾಕಾಕ ಬರತೈತೇನು?"

ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅಕ್ಕಿಯ ದರ ಹೇಳಿದಷ್ಟು ಸಹಜವಾಗಿ ಹೇಳಿದಳು. ಎದ್ದು ನಿಂತು ನನ್ನ ಗದ್ದ ಹಿಡಿದಳು. "ಮರತಿದ್ದೆ ನೋಡು. ಮದುವಿ ನಮ್ಮ ಮನೀ ಮುಂದನ ಐತಿ, ಹುಡುಗಿಗೆ ಅರಿಷಿಣ ಹಚ್ಚಾಕ ಐದು ಮಂದಿ ಮುತ್ತೈದೇರು ಬೇಕು. ನೀ ಮೊದಲನೇದಾಕಿ. ಹುಡುಗಿಗೆ ತಾಯಿ ಇಲ್ಲ, ನಿನ್ನ ಕೈ ತಂಪೈತಿ."

ನಾನು ಆಗಲಿ ಎಂದೆ. ಇಲ್ಲ ಎನ್ನಲು ಕಾರಣ ಬೇಕಲ್ಲ.

೨೨ ಫೆಬ್ರವರಿ

ಸೇಠರಿಗೆ ಹೇಳಿರಿ, ಬರುತ್ತೇವೆ ಎಂದು. ಅಷ್ಟೇ ಅಂದೆ. ಇವರು ಯಾಕೆ ಎಂದು ಕೇಳಲಿಲ್ಲ. ಸೈಕಲ್ಲು ತೆಗೆದುಕೊಂಡು ಹೋದರು. ಆ ಕೆಲಸಕ್ಕೆ ಇನ್ನೂ ಬೇರೆ ಯಾರೂ ಸಿಕ್ಕಿರಲಿಲ್ಲವಂತೆ.

೨೬ ಫೆಬ್ರವರಿ

"ಧಾರವಾಡಕ್ಕ ಹೋಗೂಣು. ಇಲ್ಲಾ ಹುಬ್ಬಳ್ಳಿ. ಅಷ್ಟ ದೂರ ಯಾಕ?" ಎಂದರು ಇವರು. ಈಗ ಇವರೇ ಹಿಂದೆ ಸರಿಯುತ್ತಿದ್ದಾರೆ, ಏನು ವಿಚಿತ್ರ.

ಧಾರವಾಡದಲ್ಲಿ ಬಸಲಿಂಗಪ್ಪನವರ ಮಗಳಿದ್ದಾಳೆ. ಹುಬ್ಬಳ್ಳಿಗೆ ದೇವಕ್ಕನವರು ತಿಂಗಳಿಗೊಮ್ಮೆ ಜವಳಿ ತರಲು ಹೋಗುತ್ತಾರೆ. ಬೆಳಗಾವಿ, ಗೋಕಾಕ, ಪುಣೆ, ಎಲ್ಲಿಗೆ ಹೋದರೂ ನಮ್ಮ ಮಂದಿ ಇದ್ದಾರೆ. "ಯಾವ ಊರವರ್ರಿ, ಯಾರ ಪೈಕಿ?" ಎಂದು ಕೇಳದೆ ಒಂದು ಲೋಟ ನೀರು ಕೊಡುವುದಿಲ್ಲ. ಆ ಪ್ರಶ್ನೆ ಕೇಳಲು ಬಾರದ ಜನರಿರುವ ಕಡೆ ಹೋಗಬೇಕು. ಸತ್ತವಳು ಅಷ್ಟಾದರೂ ದೂರ ಇರಬೇಕು.

೧೬ ಏಪ್ರಿಲ್

ಪಾಸ್‌ಪೋರ್ಟು ಬಂತು. ಫೋಟೊದಲ್ಲಿ ನಾನು ಯಾರನ್ನೋ ಬೈಯಲು ಹೊರಟವಳಂತೆ ಕಾಣುತ್ತೇನೆ.

ಓಣಿಯೆಲ್ಲ ಸುದ್ದಿ. "ಡಾಲರ್ ಎಣಸಾಕ ಹೊಂಟ್ರಿ ನೋಡ್ರಿ" ಎಂದು ನಳದ ಹತ್ತಿರ ಒಬ್ಬಳು ಅಂದಳು. "ಹೂಂ, ರೊಕ್ಕಾ ಸಾಕಾಗೂದಿಲ್ಲಲ್ರಿ" ಎಂದೆ. ಎಲ್ಲರಿಗೂ ಈ ಉತ್ತರದಿಂದ ಸಮಾಧಾನವಾಗುತ್ತದೆ. ಇನ್ನೊಂದು ಪ್ರಶ್ನೆ ಬರುವುದಿಲ್ಲ.

ಫ್ಯಾಕ್ಟರಿ ನಿಂತಿತು. ಇವರು ಕೊನೆಯ ದಿನ ಎಲ್ಲ ಜಿನ್ನುಗಳಿಗೂ ಎಣ್ಣೆ ಬಿಟ್ಟು ಬಂದರಂತೆ. ಇನ್ನು ತಿರುಗದ ಯಂತ್ರಕ್ಕೆ ಎಣ್ಣೆ ಯಾಕೆ ಎಂದೆ. ಕೈ ತೊಳೆದುಕೊಂಡರು.

೭ ಮೇ

ಇವತ್ತು ಅರಿಷಿಣ. ಹೂಲಿಯ ಹೆಂಗಸರು ಬೆಳಗಿನಿಂದ ಎದುರು ಮನೆಯಲ್ಲಿ ತುಂಬಿದ್ದಾರೆ. ನಾನು ಕೌದಿ ಹೊದ್ದು ಮಲಗಿದೆ. ದೇವಕ್ಕ ಓಡಿ ಬಂದಳು. ಜ್ವರ ಎಂದು ಇವರೇ ಬಾಗಿಲಲ್ಲಿ ಹೇಳಿ ಕಳಿಸಿದರು. ನಾನು ಎಂದೂ ಜ್ವರಕ್ಕೇ ಗಂಟು ಬಿದ್ದವಳು ನೋಡಿ.

ಹಾಡು ಕೇಳಿಸಿತು, ನಗು ಕೇಳಿಸಿತು. ನಡುವೆ ಎಳೆಯ ದನಿಯೊಂದು, "ಸಾಕು ಬಿಡ್ರೇ, ಕಣ್ಣಾಗ ಹೊಕ್ಕತಿ" ಎಂದಿತು. ಎದ್ದು ಕೂತೆ. ಇವರು ಬಂದು ನನ್ನ ಭುಜ ಒತ್ತಿ ಮತ್ತೆ ಮಲಗಿಸಿದರು. ಕಿಟಕಿಯ ಅಗಳಿ ಗಟ್ಟಿಯಾಗಿದೆಯೋ ಎಂದು ನೋಡಿ, ಅದಕ್ಕೆ ಬೆನ್ನು ಹಚ್ಚಿ ಕೂತರು. ನನ್ನನ್ನು ತಡೆಯಲು ಕೂತರೋ ಅಳಲು ಕೂತರೋ ತಿಳಿಯಲಿಲ್ಲ.

ನಾನು ಆ ಹುಡುಗಿಗೆ ಐದು ವರ್ಷ ತುಂಬುವವರೆಗೆ ಎಣ್ಣೆ ಹಚ್ಚಿ ಎರೆದಿದ್ದೇನೆ. ಕಣ್ಣಿಗೆ ಸೀಗೆ ಹೋದರೆ ಊರು ಕೇಳುವಂತೆ ಚೀರುತ್ತಿದ್ದಳು.

೮ ಮೇ

ಅಕ್ಕಿಕಾಳು ಬಿತ್ತು. ಬ್ಯಾಂಡಿನ ಸದ್ದಿನಿಂದ ತಿಳಿಯಿತು.

೨೫ ಮೇ

ಮಷೀನು ಮಾರಿದೆ. ಪಾತ್ರೆಗಳನ್ನು ಹಂಚಿದೆ. ಎದುರು ಮನೆಗೆ ಹೂಲಿಯವರು ಬರುವುದು ನಿಂತಿಲ್ಲ, ಆದ್ದರಿಂದ ಬಾಗಿಲು ತೆರೆಯುವುದಿಲ್ಲ. ಮುಂಜಾನೆ ಕಸ ಗುಡಿಸುವ ಸದ್ದು ಬರುತ್ತದೆ. ದೇವಕ್ಕನದು ಬಿರುಸು. ಈಗ ಬರುವುದು ನಿಧಾನ. ಸೊಸೆ ಗುಡಿಸುತ್ತಾಳೆ ಅಂತ ಕಾಣುತ್ತದೆ.

೧೧ ಜೂನ್, ಬೆಳಗಾವಿ ಸ್ಟೇಶನ್ನು

ಮುಂಬಯಿ ಗಾಡಿ ತಡ. ಇವರು ಚಹಾ ತರಲು ಹೋಗಿದ್ದಾರೆ. ಬರೆದಿಡುತ್ತೇನೆ, ಅಲ್ಲಿ ಹೋದ ಮೇಲೆ ಬರೆಯುತ್ತೇನೋ ಇಲ್ಲವೋ.

ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಹೋಗಿಬಿಡಬೇಕು ಎಂದಿದ್ದೆ. ದೇವಕ್ಕ ಬಿಡುತ್ತಾಳೆಯೇ! ಬೆಳ್ಳಂಬೆಳಗ್ಗೆ ಬಾಗಿಲು ಬಡಿದಳು. "ಮುತ್ತೈದಿ ಸಮುದ್ರ ದಾಟಿ ಹೊಂಟಾಳ, ಬರೇ ಉಡೀಲೆ ಕಳಸಲೇನು?" ಎಂದು ಒಳಗೆ ಬಂದಳು. ಹಿಂದೆ ಹಸಿರು ಸೀರೆಯ ಹುಡುಗಿ ಮೊರ ಹಿಡಿದು ನಿಂತಿದ್ದಳು. "ಹೊಸಾ ಮುತ್ತೈದಿ ಕೈಲೆ ತುಂಬಸೂಣು ಅಂತ ಕರಕೊಂಡು ಬಂದೇನಿ. ಶೀತಲ, ತುಂಬವಾ. ನಿನ್ನ ಮದುವಿ ಕುಬಸ ಎಲ್ಲಾ ಹೊಲದಾಕಿ ಇಕೀನ."

ಖಾಲಿ ಮನೆ, ಹಾಸಲು ಚಾಪೆಯೂ ಇರಲಿಲ್ಲ. ನೆಲದ ಮೇಲೆ ಕೂತು ಸೆರಗು ಒಡ್ಡಿದೆ. ಹುಡುಗಿ ನನ್ನ ಮುಂದೆ ಮೊಣಕಾಲೂರಿ ಬೊಗಸೆಯಿಂದ ಅಕ್ಕಿ ಹಾಕಿದಳು. ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಎಲೆ ಅಡಿಕೆ ಇಟ್ಟಳು. ಎಲ್ಲವನ್ನೂ ತಪ್ಪದೆ ಮಾಡಿದಳು. ಇವೆಲ್ಲ ತಾಯಂದಿರು ಮಗಳಿಗೆ ಹಾಕುವ ಸಾಮಾನು. ಮುಖ ಎತ್ತಿ ನೋಡಿದೆ. ಅವಳಪ್ಪನ ಮೂಗು. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು ಇದೆ, ಆದರೆ ಮುಖ ಸುಖವಾಗಿದೆ. ಸುಖವಾಗಿದ್ದಾಳೆ.

ದೇವಕ್ಕ ಆರತಿಗೆ ಬತ್ತಿ ಮರೆತೆನೆಂದು ಮನೆಗೆ ಓಡಿದಳು. ಇವರು ಹೊರಗೆ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದರು. ಮನೆಯಲ್ಲಿ ನಾವಿಬ್ಬರೇ. ಹುಡುಗಿ ನನ್ನ ಹಣೆಗೆ ಕುಂಕುಮ ಹಚ್ಚಿ, ಸ್ವಲ್ಪ ನಾಚಿ, ಏನಾದರೂ ಮಾತಾಡಬೇಕೆಂದು ಕೇಳಿದಳು.

"ಅಷ್ಟ ದೂರ ಹೊಂಟೀರಿ. ಮತ್ತ ಬರೂದಿಲ್ಲಂತ, ಅತ್ತಿ ಹೇಳಿದ್ರು. ಇಲ್ಲಿ ನಿಮ್ಮವ್ರು ಅನ್ನೂವ್ರು ಯಾರೂ ಇಲ್ಲೇನ್ರಿ?"

"ಇಲ್ಲವಾ" ಎಂದೆ.

"ಅಯ್ಯ" ಎಂದಳು. ಬಗ್ಗಿ ಕಾಲು ಮುಟ್ಟಿದಳು. ತಲೆಯ ಮೇಲೆ ಕೈ ಇಟ್ಟೆ. ದೇವಕ್ಕ ಬರುವ ಸದ್ದಾಯಿತು, ತೆಗೆದೆ.

ಗಾಡಿ ಬಂತು ಎನ್ನುತ್ತಿದ್ದಾರೆ. ದೇವಕ್ಕನ ಸೊಸೆ ಗುಣವಂತೆ. ಆ ಮನೆಗೆ ಒಳ್ಳೆಯದಾಗುತ್ತದೆ.